ಸೇತುವೆ ದಾಟಿದ ಗಾಡಿ

ಪರದೆಯ ಮೇಲೆ ಗಾಡಿಗಳೆಲ್ಲ ಹಸಿರಾಗಿದ್ದವು. ಹಸಿರು ಚುಕ್ಕಿ ಅಂದರೆ ಗಾಡಿ ತಾನೆಲ್ಲಿದ್ದೇನೆಂದು ತಾನೇ ಹೇಳುತ್ತಿದೆ ಎಂದು ಅರ್ಥ. ಇದನ್ನು ಯಜಮಾನರ ಅಳಿಯ ಬೆರಳಿನಿಂದ ಗಾಜು ತಟ್ಟಿ ತಟ್ಟಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದ್ದ, ಮ್ಯಾನೇಜರ್ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಲಾರಿ ಆಫೀಸಿನಲ್ಲಿ ಯಾರೂ ಇರಲಿಲ್ಲ. ಈಗ ಅಳಿಯ ಇಲ್ಲದ ಹೊತ್ತಿನಲ್ಲಿ ಅವನು ಕುರ್ಚಿಯನ್ನು ತಿರುಗಿಸಿ, ಪರದೆಗೆ ಅರ್ಧ ಬೆನ್ನು ಮಾಡಿ ಕೂತು, ಮೇಜಿನ ಮೇಲಿನ ಕಪ್ಪು ಫೋನನ್ನು ನೋಡುತ್ತಿದ್ದ. ಬೆಳಗಿನಿಂದ ಅದು ಒಂದು ಸಲವೂ ಬಡಿದುಕೊಂಡಿರಲಿಲ್ಲ. ಸಿಮೆಂಟಿನವರು, ಬಣ್ಣದವರು, ತಗಡಿನವರು, ಯಾರೂ ಇಲ್ಲ. ಅವರಿಗೆಲ್ಲ ಅಳಿಯ ಮೊಬೈಲಿಗೇ ಲಿಂಕು ಕಳಿಸಿಬಿಟ್ಟಿದ್ದ. ತಮ್ಮ ಮಾಲು ಯಾವ ತಿರುವಿನಲ್ಲಿದೆ ಎಂದು ಅವರವರೇ ನೋಡಿಕೊಳ್ಳುತ್ತಿದ್ದರು. ನೋಡಿಕೊಳ್ಳಲಿ. ಚುಕ್ಕಿ ನೋಡಿ ಹೊಟ್ಟೆ ತುಂಬಿಸಿಕೊಳ್ಳಲಿ. ಮಗನ ಪರೀಕ್ಷೆ ಹೇಗಾಯಿತು, ಮಂಡಿ ನೋವು ಈಗ ಹೇಗಿದೆ ಎಂದು ಚುಕ್ಕಿ ಕೇಳುತ್ತದೆಯೇ? ತಾನು ಕೇಳುತ್ತಿದ್ದದ್ದು ಮಾತು ಹಾರಿಸುವುದಕ್ಕೆ ಅನ್ನುವುದು ಬೇರೆ ವಿಷಯ. ಕೇಳುತ್ತಿದ್ದನಲ್ಲ.

ಗಾಡಿ ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ಕೊಡುವುದೇ ಅವನ ಕಸುಬಾಗಿತ್ತು. ಗಾಡಿ ಎಲ್ಲಿದೆ ಎಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಕಸುಬು ಇದ್ದದ್ದೇ ಅಲ್ಲಿ. ಸೇರಿದ ಹೊಸದರಲ್ಲಿ ಹೆದರಿ ಹೆದರಿ, ಪಂಕ್ಚರ್ ಆಗಿದೆ ಸಾರ್, ಲೋಡಿಂಗ್ ತಡವಾಯಿತು ಸಾರ್ ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದವನಿಗೆ ಒಂದು ದಿನ ತಾನಾಗಿಯೇ ಆ ಮಾತು ಒಲಿದು ಬಂದಿತ್ತು. ಸೇತುವೆ ದಾಟಿದಾನೆ, ಇನ್ನೇನು ಬಂದ. ಊರ ಹೊರಗೆ, ನದಿಗೆ ಅಡ್ಡಲಾಗಿ ಇರುವ ಸೇತುವೆ. ಗಾಡಿ ಅದನ್ನು ದಾಟಿದೆ ಅಂದರೆ ಬಂದ ಹಾಗೂ ಆಯಿತು, ಇನ್ನೂ ಬಾರದಿರುವುದಕ್ಕೆ ಕಾರಣ ಕೊಟ್ಟ ಹಾಗೂ ಆಯಿತು. ಸಿಮೆಂಟಿನವರು ಸುಮ್ಮನಾಗುತ್ತಿದ್ದರು. ಯಜಮಾನರು ಸುಮ್ಮನಾಗುತ್ತಿದ್ದರು. ಡ್ರೈವರುಗಳ ಹೆಂಡಂದಿರು, ಇವರೇ ಹೆಚ್ಚು ಕಾಟ ಕೊಡುವವರು, ಮಗುವಿಗೆ ಜ್ವರ, ಮಾವನಿಗೆ ದಮ್ಮು, ಇವರು ಫೋನ್ ಎತ್ತುತ್ತಿಲ್ಲ ಎಂದು ಹೊತ್ತಿಲ್ಲದ ಹೊತ್ತಿನಲ್ಲಿ ಕೇಳುವವರು, ಅವರೂ ಆ ಒಂದು ಮಾತಿಗೆ ಸುಮ್ಮನಾಗಿ, ಸರಿ ಸಾರ್ ಎಂದು ಇಟ್ಟುಬಿಡುತ್ತಿದ್ದರು. ಎಷ್ಟು ಸುಲಭವಾಗಿ ನಂಬುತ್ತವೆ ಈ ಜನ, ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಡ್ರೈವರುಗಳು ಬೆನ್ನ ಹಿಂದೆ ತನ್ನನ್ನು ಸೇತುವೆ ಸಾರ್ ಅನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಸಲಿಗೆಯಿಂದ ಅನ್ನುತ್ತಾರೆ ಎಂದುಕೊಂಡಿದ್ದ.

ಈಗ ಸರ್ಕಾರಕ್ಕೆ ಬುದ್ಧಿ ಬಂದಿದೆ. ಬರುವ ಒಂದನೇ ತಾರೀಖಿನಿಂದ ಬಾಡಿಗೆಗೆ ಓಡುವ ಯಾವ ಗಾಡಿಯಾದರೂ ಜಿಪಿಎಸ್ ಡಬ್ಬಿ ಇಟ್ಟುಕೊಂಡೇ ಓಡಬೇಕು. ಡಬ್ಬಿ ಇಲ್ಲದ ಗಾಡಿಗೆ ಪರ್ಮಿಟ್ ಇಲ್ಲ. ಗಾಡಿಗಳನ್ನೆಲ್ಲ ಯಾರ್ಡಿಗೆ ಕರೆಸಿ ಡಬ್ಬಿ ಕೂರಿಸುವ ಜವಾಬ್ದಾರಿಯನ್ನು ಅಳಿಯ ಅವನ ತಲೆಗೇ ಕಟ್ಟಿದ್ದ. ತನ್ನ ಗುಂಡಿ ತಾನೇ ತೋಡಿಕೋ ಎಂದು ಗುದ್ದಲಿ ಕೊಟ್ಟ ಹಾಗೆ. ಡ್ರೈವರುಗಳನ್ನು ನಿಲ್ಲಿಸಿ ಭಾಷಣ ಮಾಡಿದ್ದೂ ಆಯಿತು: "ಇದು ನಿಮ್ಮ ಒಳ್ಳೇದಕ್ಕೇ ಕಣ್ರಯ್ಯಾ. ದಾರೀಲಿ ಏನಾದ್ರೂ ಆದ್ರೆ ನಮಗೆ ಗೊತ್ತಾಗುತ್ತೆ." ಅವರು ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಔಷಧಿ ಮಾರುವವನನ್ನು ನೋಡುವ ಹಾಗೆ ನೋಡಿದ್ದರು. ಒಬ್ಬ ಮಹಾಶಯ ಡಬ್ಬಿಗೆ ಒದ್ದೆ ಟವೆಲ್ ಸುತ್ತಿದರೆ ಅದು ಕುರುಡಾಗುತ್ತದೆ ಎಂದು ಎಲ್ಲೋ ಕೇಳಿಕೊಂಡು ಬಂದು ಸುತ್ತಿಯೂ ಬಿಟ್ಟ. ಇನ್ನೊಬ್ಬ, ಕ್ಯಾಬಿನ್ನಿನಲ್ಲಿ ಕೂತು ಆಫೀಸಿನವರನ್ನು ಬೈದರೆ ಇಲ್ಲಿಗೆ ಕೇಳಿಸುತ್ತದೆಯೇ ಎಂದು ಕೇಳಿದ. ಕೇಳಿಸುವುದಿಲ್ಲ ಎಂದು ತಿಳಿದಾಗ ಅವನ ಮುಖ ಸಪ್ಪಗಾಯಿತು. ಡಬ್ಬಿ ಕೂರಿಸಲು ಬಂದ ಫಿಟ್ಟರ್ ಮಾತ್ರ ಯಾರ ಮುಖವನ್ನೂ ನೋಡದೆ ವೈರು ಸುಲಿಯುತ್ತ, "ಒಳಗಡೆ ಚಿಕ್ಕ ಬ್ಯಾಟರಿ ಇದೆ ಸಾರ್. ವೈರ್ ಕಿತ್ತು ಹಾಕಿದ್ರೂ ಒಂದಷ್ಟು ಹೊತ್ತು ಹೇಳ್ತಾನೇ ಇರುತ್ತೆ," ಅಂದಿದ್ದ. ಇದು ಡಬ್ಬಿಯೋ, ತನ್ನ ಅತ್ತೆಯೋ ಎಂದು ಮ್ಯಾನೇಜರಿಗೆ ಆಗ ನಗು ಬಂದಿತ್ತು.

ಆ ನಗುವಿನಲ್ಲೇ ಅವನಿಗೆ ಯೋಚನೆ ಹೊಳೆದದ್ದು. ಅಳಿಯನಿಗೆ ಬೇಕಾದದ್ದು ಪರದೆ ತುಂಬ ಹಸಿರು. ಗಾಡಿ ಬರುವವರೆಗೆ ಯಾಕೆ ಕಾಯಬೇಕು? ಎಲ್ಲ ಡಬ್ಬಿಗಳಿಗೂ ಗಾಡಿಯ ನಂಬರು ಹಾಕಿ ಚಾಲೂ ಮಾಡಿಬಿಡು, ಗಾಡಿ ಬಂದ ಹಾಗೆ ಕೂರಿಸಿದರಾಯಿತು ಎಂದು ಫಿಟ್ಟರಿಗೆ ಹೇಳಿದ. ಸಂಜೆಗೆ ಪರದೆ ತುಂಬಿತು. ಅಳಿಯ ಬೆನ್ನು ತಟ್ಟಿ, "ಸೂಪರ್ ಅಂಕಲ್. ಸಾರಿಗೆ ಇಲಾಖೆಯವರ ಮುಂದೆ ಇದೊಂದು ಸರಿ ಹೋದ್ರೆ ಈ ಪರದೆ ಜವಾಬ್ದಾರಿ ನಿಮಗೇ," ಅಂದ. ಸರಿ ಹೋಗದಿದ್ದರೆ ಏನು ಎಂದು ಹೇಳಲಿಲ್ಲ, ಅವನ ಕಣ್ಣು ಒಂದು ಗಳಿಗೆ ಕಪ್ಪು ಫೋನಿನ ಮೇಲೆ ನಿಂತು ಮುಂದೆ ಹೋಯಿತು, ಅಷ್ಟೆ. ಆಮೇಲೆ ಗಾಡಿಗಳು ಒಂದೊಂದಾಗಿ ಬಂದವು, ಡಬ್ಬಿಗಳು ಒಂದೊಂದಾಗಿ ಕೂತವು. ಉಳಿದದ್ದು ಒಂದೇ, ಡ್ರೈವರ್ ಉದ್ದಣ್ಣನ ಗಾಡಿ. ಅದರ ಡಬ್ಬಿ ಮೇಜಿನ ಡ್ರಾಯರಿನಲ್ಲಿ, ಸ್ಟೇಪ್ಲರಿನ ಪಕ್ಕದಲ್ಲಿ, ಚಾರ್ಜರಿಗೆ ಸಿಕ್ಕಿಸಿಕೊಂಡು ತಣ್ಣಗೆ ಕೂತು, ತಾನು ಲಾರಿ ಎಂದು ಜಗತ್ತಿಗೆಲ್ಲ ಹೇಳುತ್ತಿತ್ತು.

ಇವತ್ತು ಊಟವಾದ ಮೇಲೆ ಇಲಾಖೆಯ ಅಧಿಕಾರಿಯನ್ನು ಕರೆದುಕೊಂಡು ಅಳಿಯ ಬರುವವನಿದ್ದ. ಬೆಳಿಗ್ಗೆಯೇ ಮ್ಯಾನೇಜರ್ ಉದ್ದಣ್ಣನಿಗೆ ಫೋನ್ ಮಾಡಿ, "ಎಲ್ಲಿದೀಯಯ್ಯಾ?" ಎಂದು ಕೇಳಿದ್ದ.

"ಸೇತುವೆ ದಾಟಿದೀನಿ ಸಾರ್, ಇನ್ನೇನು ಬಂದೆ," ಅಂದ ಉದ್ದಣ್ಣ. ಧ್ವನಿಯಲ್ಲಿ ಒಂದು ಎಳೆ ನಗುವೂ ಇರಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್.

ತನ್ನ ಮಾತನ್ನೇ ತನ್ನ ಮುಖಕ್ಕೆ ಎಸೆದನಲ್ಲ ಎಂದು ಮ್ಯಾನೇಜರಿಗೆ ಮೈ ಉರಿಯಿತು. ಉರಿಯ ಕೆಳಗೆ ಇನ್ನೊಂದು ಇತ್ತು, ಅದನ್ನು ನೋಡಲು ಅವನಿಗೆ ಇಷ್ಟವಿರಲಿಲ್ಲ. ಹಿಂದಿನ ವಾರ ಉದ್ದಣ್ಣ ಇದೇ ಮೇಜಿನ ಮುಂದೆ, ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿದವನು ಬಗ್ಗಿಯೇ ನಿಂತು, ಮಗಳಿಗೆ ದಿನ ತುಂಬಿದೆ ಸಾರ್, ಈ ಟ್ರಿಪ್ಪು ಬೇರೆ ಯಾರಿಗಾದರೂ ಕೊಡಿ ಎಂದು ಕೇಳಿದ್ದ. ಲೆಕ್ಕ ಬರೆಯುವ ಮೇಡಂ ಕೇಳಿಸಿಕೊಳ್ಳುತ್ತಿದ್ದಳು, ಇಬ್ಬರು ಡ್ರೈವರುಗಳು ಕೇಳಿಸಿಕೊಳ್ಳುತ್ತಿದ್ದರು. "ಹೆರೋಳು ನಿನ್ನ ಮಗಳೋ, ನೀನೋ?" ಎಂದಿದ್ದ ಮ್ಯಾನೇಜರ್, ಸುತ್ತಲೂ ನೋಡಿದ್ದ. ಯಾರೂ ನಗದೆ ಇರುವುದನ್ನು ಕಂಡು ತಾನೊಬ್ಬನೇ ನಕ್ಕು ಮುಗಿಸಿದ್ದ. ನಗು ಮುಗಿಯುವಷ್ಟರಲ್ಲಿ ಉದ್ದಣ್ಣ ಹೊರಗೆ ಹೋಗಿಯಾಗಿತ್ತು. ಅಂಥದ್ದೇನು ಅಂದುಬಿಟ್ಟೆ ನಾನು, ಒಂದು ತಮಾಷೆ. ತನ್ನ ಹೆಂಡತಿ ಹೆರಿಗೆಗೆ ಹೋದಾಗ ತಾನೂ ಇದೇ ಕುರ್ಚಿಯಲ್ಲಿ ಕೂತು, ಹೊರಟೆ, ಈಗ ಹೊರಟೆ ಎಂದು ಫೋನಿನಲ್ಲಿ ಹೇಳಿ ಮರುದಿನ ಹೋಗಿದ್ದನಲ್ಲ, ಅವಳೇನು ಸತ್ತುಹೋದಳೇ. ಮಗುವನ್ನು ಗೋಡೆಯ ಕಡೆ ಮಲಗಿಸಿಕೊಂಡು, ಅವನನ್ನು ನೋಡಿ, ಊಟ ಆಯ್ತಾ ಎಂದು ಮಾತ್ರ ಕೇಳಿದ್ದಳು. ಆಮೇಲೆ ಎಂದೂ ಅವಳು ನೀವು ಎಲ್ಲಿದ್ದೀರಿ ಎಂದು ಫೋನ್ ಮಾಡಿದವಳಲ್ಲ. ಒಳ್ಳೆಯ ಹೆಂಗಸು, ಕಾಟವಿಲ್ಲ, ಎಂದು ಅವನು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ.

ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿದ್ದಳು. ಉದ್ದಣ್ಣನ ಹೆಂಡತಿ. ಫೋನಿನಲ್ಲಿ ಅವಳ ಧ್ವನಿ ಅವನಿಗೆ ವರ್ಷಗಟ್ಟಲೆ ಪರಿಚಯ, ಮುಖ ಕಂಡದ್ದು ಒಂದೋ ಎರಡೋ ಸಲ. ಮುಖಕ್ಕೆ ಧ್ವನಿಗಿಂತ ವಯಸ್ಸಾಗಿತ್ತು.

"ಮಗಳನ್ನ ಒಳಗೆ ಕರ್ಕೊಂಡು ಹೋದ್ರು ಸಾರ್. ಕಷ್ಟ ಇದೆ, ಆಪರೇಷನ್ ಮಾಡ್ಬೇಕಾಗ್ಬಹುದು ಅಂತಿದಾರೆ. ಅವಳ ಗಂಡ ಅಲ್ಲೇ ಇದಾನೆ. ಇವರ ಫೋನ್ ಸಿಗ್ತಿಲ್ಲ. ಎಲ್ಲಿದಾರೆ ಸಾರ್?"

ಬಾಯಿ ತಾನಾಗಿಯೇ ತೆರೆಯಿತು. ಆದರೆ ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಮೇಲಿನ ಪರದೆಗೆ ಹೋಗಿತ್ತು. ಬಂದ ಗಿರಾಕಿಗಳು ನೋಡಿ ಬೆರಗಾಗಲಿ ಎಂದು ಅಳಿಯ ಅದನ್ನು ಬೆಂಚಿಗೆ ಎದುರಾಗಿ ಹಾಕಿಸಿದ್ದ. ಪ್ರತಿ ಚುಕ್ಕಿಯ ಪಕ್ಕದಲ್ಲೂ ಗಾಡಿಯ ನಂಬರು. ಅವಳು ಎರಡು ಹೆಜ್ಜೆ ಮುಂದೆ ಬಂದು, ಕತ್ತು ಮೇಲೆತ್ತಿ, ತುಟಿ ಅಲ್ಲಾಡಿಸುತ್ತ ಓದಿದಳು.

"ಇದು ನಮ್ಮ ಗಾಡಿ ನಂಬರಲ್ವಾ? ಇದು ಈ ಜಾಗ ತಾನೇ ಸಾರ್, ನಮ್ಮ ಯಾರ್ಡು? ಬಂದಿದಾರಾ?" ಮುಖ ಅರಳಿಬಿಟ್ಟಿತು. ಅವನು, "ಅಲ್ಲ ಕಣಮ್ಮ, ಅದು," ಅನ್ನುವಷ್ಟರಲ್ಲಿ ಅವಳು ಹಿಂಬಾಗಿಲಿನಿಂದ ಯಾರ್ಡಿಗೆ ಇಳಿದಾಗಿತ್ತು.

ಕಿಟಕಿಯಿಂದ ಅವನು ನೋಡಿದ. ಸಾಲಾಗಿ ನಿಂತ ಲಾರಿಗಳ ನಡುವೆ ಅವಳು ಸೆರಗನ್ನು ತಲೆಯ ಮೇಲೆ ಹಿಡಿದುಕೊಂಡು ಹೋಗುತ್ತಿದ್ದಳು. ಒಂದೊಂದು ಗಾಡಿಯ ಮುಂದೆಯೂ ನಿಂತು ನಂಬರು ನೋಡುವುದು, ಮುಂದಕ್ಕೆ ಹೋಗುವುದು. ಒಂದು ಗಾಡಿಯ ಕೆಳಗೆ ಯಾರೋ ಮಲಗಿದ್ದರು; ಬಗ್ಗಿ ಮುಖ ನೋಡಿ, ಅಲ್ಲ ಎಂದು ಎದ್ದಳು. ಸಾಲಿನ ಕೊನೆಗೆ ಹೋದವಳು ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಮತ್ತೆ ಮೊದಲಿನಿಂದ ಹುಡುಕಲು ಶುರುಮಾಡಿದಳು. ಡ್ರಾಯರಿನಲ್ಲಿರುವುದನ್ನು ಯಾರ್ಡಿನಲ್ಲಿ ಹುಡುಕುತ್ತಿದ್ದಾಳೆ, ದಡ್ಡಿ, ಎಂದು ಅಂದುಕೊಳ್ಳಲು ನೋಡಿದ. ಎಂದಿನ ತಾತ್ಸಾರ ಅರ್ಧಕ್ಕೇ ನಿಂತಿತು. ಫೋನಿನ ಆ ಕಡೆ ಇವರು ಹೇಗಿರುತ್ತಿದ್ದರು ಎಂದು ಅವನು ಎಂದೂ ನೋಡಿರಲಿಲ್ಲ. ಸರಿ ಸಾರ್ ಎಂದು ಇಟ್ಟಮೇಲೆ ಹೀಗೇ ಬಾಗಿಲಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ ಹೋಗಿಬರುತ್ತಿದ್ದರೋ ಏನೋ. ಹೇಸಿಗೆಯಾಯಿತು. ಆದರೆ ಅವನ ಮನಸ್ಸು ಎಂಥದ್ದೆಂದರೆ, ಹೇಸಿಗೆಯ ಬೆನ್ನಿಗೇ ಲೆಕ್ಕಾಚಾರವೂ ಬಂತು: ಅಧಿಕಾರಿಯೂ ಹೀಗೇ ಯಾರ್ಡಿಗೆ ಇಳಿದು, ಈ ಚುಕ್ಕಿಯ ಗಾಡಿ ಎಲ್ಲಪ್ಪಾ ಎಂದರೆ? ಡಬ್ಬಿ ಇಲ್ಲಿರಬಾರದು. ಗಾಡಿ ರಸ್ತೆಯ ಮೇಲಿರಬೇಕು.

ಅವಳು ಒಳಗೆ ಬಂದಾಗ ಅವನು ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದ. ಡಬ್ಬಿ ಪ್ಯಾಂಟಿನ ಜೇಬಿನಲ್ಲಿ ಬೆಚ್ಚಗೆ ತೊಡೆಗೆ ಒತ್ತುತ್ತಿತ್ತು.

"ಅದು ಹಳೇದು ತೋರಿಸ್ತಾ ಇದೆಯಮ್ಮ. ಹೊಸ ಮಷೀನು, ನಿಧಾನ. ಅವನು ಸೇತುವೆ ಹತ್ರ ಇದಾನೆ. ಇನ್ನೇನು ಬಂದ. ನೀನು ಇಲ್ಲೇ ಕೂತು ನೋಡ್ತಿರು, ಗೊತ್ತಾಗುತ್ತೆ."

ಅವಳು ಅವನ ಮುಖವನ್ನೇ ನೋಡಿದಳು. "ಸರಿ ಸಾರ್," ಅಂದಳು, ಫೋನಿನಲ್ಲಿ ಅನ್ನುತ್ತಿದ್ದ ಹಾಗೆಯೇ. ಲೆಕ್ಕದ ಮೇಡಂ ತನ್ನ ನೀರಿನ ಬಾಟಲಿಯನ್ನು ಅವಳ ಕಡೆ ತಳ್ಳಿ, "ಕೂತ್ಕೊಳ್ಳಿ ಅಕ್ಕ," ಎಂದಳು. ಮ್ಯಾನೇಜರ್ ಎಲ್ಲಿಗೆ ಹೊರಟಿದ್ದಾನೆ ಎಂದು ಇಬ್ಬರೂ ಕೇಳಲಿಲ್ಲ.

ಸ್ಕೂಟರಿನ ಮೇಲೆ ಅವನು ಲಾರಿಯ ಹಾಗೆ ಹೋದ. ಓಣಿಗಳನ್ನು ಬಿಟ್ಟು, ದೊಡ್ಡ ರಸ್ತೆಯ ಎಡಕ್ಕೆ ಅಂಟಿಕೊಂಡು, ತಿರುವುಗಳಲ್ಲಿ ಅಗಲವಾಗಿ ತಿರುಗಿಸುತ್ತ, ಲೋಡು ತುಂಬಿದ ಗಾಡಿ ಎಷ್ಟು ನಿಧಾನವಾಗಿ ಹೋದೀತೋ ಅಷ್ಟೇ ನಿಧಾನವಾಗಿ. ಹಿಂದಿನಿಂದ ಬಂದ ಕಾರುಗಳು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದಾಗ ಒಳಗಿನಿಂದ ಅವನನ್ನು ಮೇಲಿನಿಂದ ಕೆಳಗೆ ನೋಡಿ ಮುಂದೆ ಹೋದವು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ತನ್ನ ಈ ನಾಜೂಕನ್ನು ನೋಡಿ ಮೆಚ್ಚುವವರು ಯಾರೂ ಇಲ್ಲವಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು. ಅಲ್ಲಿ ಆಫೀಸಿನಲ್ಲಿ ಅವಳು ಪರದೆ ನೋಡುತ್ತಿರುತ್ತಾಳೆ, ಚುಕ್ಕಿ ಸರಿಯುತ್ತಿರುತ್ತದೆ, ಅವಳ ಎದೆ ಹಗುರವಾಗುತ್ತಿರುತ್ತದೆ. ಸೇತುವೆಯವರೆಗೆ ಹೋಗಿ, ಅಲ್ಲಿಂದ ತಿರುಗಿ ಊರ ಕಡೆ ಬಂದರೆ ಗಾಡಿ ನಿಜವಾಗಿ ಸೇತುವೆ ದಾಟಿ ಬಂದ ಹಾಗೇ. ಒಂದು ರೀತಿಯಲ್ಲಿ ಇದು ಸುಳ್ಳೂ ಅಲ್ಲ. ಹೊಟ್ಟೆ ತುಂಬದಿದ್ದರೂ ಅವಳಿಗೆ ಧೈರ್ಯವಾದರೂ ಬಂತಲ್ಲ. ಹೀಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿರುವಾಗಲೇ, ಉದ್ದಣ್ಣ ನಿಜವಾಗಿ ಎಲ್ಲೋ ಹಳ್ಳಕ್ಕೆ ಬಿದ್ದಿದ್ದರೆ ಎಂಬ ಯೋಚನೆ ಬಂತು. ಬೆಳಿಗ್ಗೆ ಮಾತಾಡಿದನಲ್ಲ. ಬೆಳಿಗ್ಗೆ ಮಾತಾಡಿದವರಿಗೆ ಮಧ್ಯಾಹ್ನ ಏನೂ ಆಗಬಾರದೆಂದು ಎಲ್ಲಿದೆ.

ಸೇತುವೆ ಬಂತು. ಬಂತು ಅಂದರೆ, ಅದೇ ಇರಬೇಕು ಎಂದು ಅವನು ಸ್ಕೂಟರ್ ನಿಲ್ಲಿಸಿದ. ಅವನ ಮನೆ ಆಫೀಸಿನ ಆ ಕಡೆ, ನೆಂಟರಿಷ್ಟರೂ ಆ ಕಡೆ. ಈ ದಾರಿಗೆ ಬಂದು ಎಷ್ಟೋ ಕಾಲವಾಗಿತ್ತು. ಮನಸ್ಸಿನಲ್ಲಿ ಅವನು ಇಟ್ಟುಕೊಂಡಿದ್ದ ಸೇತುವೆ ಅಗಲವಾಗಿತ್ತು, ಅದರ ಮೇಲೆ ಹಗಲೂ ರಾತ್ರಿ ಲಾರಿಗಳು ಗುಡುಗುಡು ಎಂದು ಹಾದುಹೋಗುತ್ತಿದ್ದವು, ಹಾದುಹೋದ ತಕ್ಷಣ ಯಾವುದೋ ಮನೆಯಲ್ಲಿ ಯಾರೋ ನಿಟ್ಟುಸಿರು ಬಿಡುತ್ತಿದ್ದರು. ಇಲ್ಲಿ ಎದುರಿಗಿದ್ದದ್ದು ಎರಡು ಸೈಕಲ್ಲು, ಬಿಸಿಲಿಗೆ ಹರಡಿದ ಯಾರದೋ ಹಾಸಿಗೆ, ಟಾರು ಕಿತ್ತು ಹುಲ್ಲೆದ್ದ ಒಂದು ಇಕ್ಕಟ್ಟಾದ ದಾರಿ. ಸೇತುವೆಯ ಬಾಯಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು, ಮೇಲೆ ಅಡ್ಡಪಟ್ಟಿ ಹಾಕಿದ್ದರು. ಕಾರೂ ಉಸಿರು ಬಿಗಿಹಿಡಿದು ಹೋಗಬೇಕು. ಪಕ್ಕದಲ್ಲಿ ಬೋರ್ಡು. ಸೇತುವೆ ದುರ್ಬಲವಾಗಿದೆ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಬೋರ್ಡಿಗೇ ವಯಸ್ಸಾಗಿತ್ತು. ಅಕ್ಷರಗಳ ಕೆಳಗೆ ತುಕ್ಕು ಇಳಿದು, ಅಂಚಿಗೆ ಬಳ್ಳಿ ಹಬ್ಬಿ, ಅದರ ಮೇಲೆ ಯಾರೋ ಬನಿಯನ್ ಒಣಹಾಕಿದ್ದರು. ದೂರದಲ್ಲಿ, ನದಿ ಹರಿದುಹೋಗುವ ದಿಕ್ಕಿಗೆ, ಅದನ್ನು ದಾಟುವ ಎತ್ತರದ ಹೊಸ ರಸ್ತೆ ಕಾಣುತ್ತಿತ್ತು. ಅದರ ಮೇಲೆ ಲಾರಿಗಳು ಸಣ್ಣದಾಗಿ, ಸದ್ದಿಲ್ಲದೆ ಹೋಗುತ್ತಿದ್ದವು.

ಅವನು ಬೋರ್ಡನ್ನು ಮತ್ತೆ ಓದಿದ. ಎಷ್ಟು ವರ್ಷ? ಇಷ್ಟು ಬಳ್ಳಿ ಹಬ್ಬಲು ಎಷ್ಟು ವರ್ಷ ಬೇಕು? ಹೊಸ ರಸ್ತೆಯ ಟೋಲ್ ಚೀಟಿಗಳು ಆಫೀಸಿಗೆ ಬರುತ್ತಿದ್ದವು, ಲೆಕ್ಕದ ಮೇಡಂ ಗುಂಡುಪಿನ್ನು ಚುಚ್ಚಿ ಇಡುತ್ತಿದ್ದಳು. ಅಂಥ ಚಿಲ್ಲರೆ ಕಾಗದ ನೋಡುವುದು ಅವನ ಘನತೆಗೆ ಕಡಿಮೆಯಾಗಿತ್ತು. ಡ್ರೈವರುಗಳು ದಾರಿಯ ಸುದ್ದಿ ಹೇಳಲು ಬಾಯಿ ತೆರೆದರೆ, ಪುರಾಣ ಬೇಡ, ಮಾಲು ಇಳಿಸಿದ್ಯಾ ಇಲ್ವಾ ಹೇಳು ಅನ್ನುತ್ತಿದ್ದ. ಹಾಗಾದರೆ ಸಿಮೆಂಟಿನವರಿಗೆ ಗೊತ್ತಿತ್ತು. ಅವರ ಸ್ವಂತ ಗಾಡಿಗಳೂ ಓಡುತ್ತವೆ. ಯಜಮಾನರಿಗೆ ಗೊತ್ತಿತ್ತು. ಹೂಂ, ಹೂಂ ಅನ್ನುತ್ತಿದ್ದರು. ಇಡೀ ಊರು ಫೋನನ್ನು ಕಿವಿಗೆ ಹಿಡಿದುಕೊಂಡು, ಗಾಡಿ ಹೋಗಲಾಗದ ಸೇತುವೆಯನ್ನು ಗಾಡಿ ದಾಟಿತು ಎಂದು ಇವನು ಗತ್ತಿನಿಂದ ಹೇಳುವುದನ್ನು ಕೇಳಿ, ಸರಿ ಎಂದು ಇಟ್ಟಿತ್ತು. ಇಟ್ಟಮೇಲೆ ನಕ್ಕಿತ್ತೋ? ನಗುವಷ್ಟು ದೊಡ್ಡ ವಿಷಯವೂ ಅದು ಅವರಿಗೆ ಆಗಿರಲಿಕ್ಕಿಲ್ಲ ಅನ್ನಿಸಿದಾಗ ಅವನಿಗೆ ನಿಜವಾಗಿ ಅವಮಾನವಾಯಿತು. ಸ್ಕೂಟರಿನ ಸೀಟು ಸುಡುತ್ತಿತ್ತು, ಆದರೂ ಅದರ ಮೇಲೆ ಕೂತ.

ಮೊಬೈಲು ಬಡಿದುಕೊಂಡಿತು. ಅಳಿಯ. ಹಿಂದೆ ತಟ್ಟೆ ಚಮಚಗಳ ಸದ್ದು.

"ಅಂಕಲ್, ಊಟ ಮುಗೀತು, ಹೊರಡ್ತಿದೀವಿ. ಸಾಹೇಬ್ರು ಫೋನಲ್ಲೇ ಎಲ್ಲ ನೋಡಿದ್ರು, ಖುಷಿಯಾಗಿದಾರೆ. ಒಂದು ಗಾಡಿ ಮಾತ್ರ ಹಳೇ ಸೇತುವೆ ಬಾಯಲ್ಲಿ ನಿಂತಿದೆಯಲ್ಲ, ಉದ್ದಣ್ಣಂದು. ಅಲ್ಲಿ ಲಾರಿ ಹೋಗೋ ಹಾಗೇ ಇಲ್ವಲ್ಲ, ಅದು ಹೇಗೆ ಹೋಯ್ತು ಅಂತ ಕೇಳ್ತಿದಾರೆ. ಸ್ವಲ್ಪ ಡ್ರೈವರ್‌ಗೆ ಫೋನ್ ಹಾಕಿ ವಿಚಾರಿಸಿ. ನೀವು ಸೀಟಲ್ಲೇ ಇದೀರಲ್ಲ?"

"ಹೂಂ," ಅಂದ ಮ್ಯಾನೇಜರ್.

ಜೇಬಿನಿಂದ ಡಬ್ಬಿ ತೆಗೆದು ನೋಡಿದ. ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ನದಿಗೆ ಎಸೆದರೆ? ಎಸೆದರೆ ಗಾಡಿ ನದಿಯಲ್ಲಿದೆ ಎಂದು ತೋರಿಸುತ್ತದೆ. ಅಲ್ಲಿ ಬೆಂಚಿನ ಮೇಲೆ ಕೂತವಳು ಅದನ್ನೂ ನೋಡುತ್ತಾಳೆ. ತಿರುಗಿ ಹೋದರೆ ಬಾಗಿಲಲ್ಲೇ ಅಳಿಯ ಎದುರಾಗುತ್ತಾನೆ. ವರ್ಷಗಟ್ಟಲೆ ಎಲ್ಲರನ್ನೂ ಎಲ್ಲೆಲ್ಲಿಗೋ ತಲುಪಿಸಿದವನಿಗೆ ತಾನು ಈಗ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಮೊಬೈಲು ಮತ್ತೆ ಬಡಿದುಕೊಂಡಾಗ ಅದರ ಮೇಲೆ ಮೂಡಿದ ನಂಬರನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅದು ಅವನದೇ ಮೇಜಿನ ಕಪ್ಪು ಫೋನು. ಅವನು ಸೀಟಿನಲ್ಲಿ ಇಲ್ಲದಾಗ ಅಲ್ಲಿಂದ ಅವನನ್ನು ಯಾರೂ ಇದುವರೆಗೆ ಕರೆದಿರಲಿಲ್ಲ.

"ಸಾರ್, ನಾನು," ಉದ್ದಣ್ಣನ ಹೆಂಡತಿ. ಧ್ವನಿ ತಗ್ಗಿಸಿದ್ದಳು. "ಮೇಡಂ ಫೋನಿಗೆ ಇವರು ಮಾಡಿದ್ರು. ಹೊಸ ರಸ್ತೇಲಿ ಬಂದು ಸೀದಾ ಆಸ್ಪತ್ರೆಗೇ ಹೋಗಿದಾರೆ. ಗಾಡಿ ಅದರ ಹಿಂದೆ ನಿಲ್ಲಿಸಿದಾರಂತೆ. ಹೆಣ್ಣು ಮಗು ಸಾರ್. ಇಬ್ಬರೂ ಚೆನ್ನಾಗಿದಾರೆ."

"ಒಳ್ಳೇದಾಯ್ತಮ್ಮ," ಅಂದ. ನಿಜವಾಗಿಯೂ ಅನ್ನಿಸಿ ಅಂದ; ಆದರೆ ಧ್ವನಿ ಎಂದಿನ ಆಫೀಸಿನ ಧ್ವನಿಯೇ ಆಗಿ ಹೊರಬಂತು.

"ಸೇತುವೆ ಹತ್ರ ನಿಂತಿರೋದು ನೀವೇ ಅಲ್ವಾ ಸಾರ್?"

ಸೈಕಲ್ಲಿನವನೊಬ್ಬ ಕಂಬಗಳ ನಡುವೆ ನುಸುಳಿ ಆ ಕಡೆಗೆ ಹೋದ.

"ಇಲ್ಲಿ ಲಾರಿ ಬಿಡಲ್ಲ ಅಂತ ನಿನಗೆ ಗೊತ್ತಿತ್ತಾ?"

"ಎಷ್ಟೋ ವರ್ಷ ಆಯ್ತಲ್ಲ ಸಾರ್. ಎಲ್ಲರಿಗೂ ಗೊತ್ತು."

"ಮತ್ತೆ ಯಾಕಮ್ಮ ನನ್ನ ಕೇಳ್ತಿದ್ರಿ?"

"ಏನಾದ್ರೂ ಆಗಿದ್ರೆ ನೀವು ಸೇತುವೆ ಅಂತಿರ್ಲಿಲ್ಲ ಸಾರ್. ತಡವರಿಸ್ತಿದ್ರಿ. ನೀವು ಸೇತುವೆ ಅಂದ್ರೆ, ಆಫೀಸಿಗೆ ಕೆಟ್ಟ ಸುದ್ದಿ ಬಂದಿಲ್ಲ, ನಿಮಗೂ ಏನೂ ಗೊತ್ತಿಲ್ಲ ಅಂತ ಅರ್ಥ. ನಾವು ಹೆಂಗಸರು ಅಷ್ಟು ತಿಳ್ಕೊಂಡು ಮಲಗ್ತಿದ್ವಿ."

ಅವಳ ಹಿಂದೆ ಬಾಗಿಲ ಸದ್ದು ಕೇಳಿಸಿತು, ಕಾರಿನ ಬಾಗಿಲುಗಳ ಸದ್ದು, ಅಳಿಯನ ನಗು. ಲೆಕ್ಕದ ಮೇಡಂ ಏನೋ ಪಿಸುಗುಟ್ಟಿದಳು.

"ಅವರು ಬಂದ್ರು ಸಾರ್," ಅಂದಳು ಉದ್ದಣ್ಣನ ಹೆಂಡತಿ. ಧ್ವನಿಯಲ್ಲಿ ಕೋಪ ಇರಲಿಲ್ಲ, ಗೌರವವೂ ಇರಲಿಲ್ಲ. ಆಟದಲ್ಲಿ ಬಿದ್ದ ಮಗುವಿಗೆ ಹೇಳುವ ಹಾಗೆ ಹೇಳಿದಳು. "ನೀವೆಲ್ಲಿ ಅಂತ ಕೇಳಿದ್ರೆ ನಾನು ಹೇಳ್ತೀನಿ ಬಿಡಿ. ಸೇತುವೆ ದಾಟಿದಾರೆ, ಇನ್ನೇನು ಬಂದ್ರು ಅಂತ."

ಫೋನ್ ಇಟ್ಟಳು. ಅವನು ಮೊಬೈಲನ್ನು ಕಿವಿಗೇ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಹಸಿರು ಮಿಣುಕುವ ಡಬ್ಬಿಯನ್ನು ಹಿಡಿದುಕೊಂಡು, "ಸರಿಯಮ್ಮ," ಅಂದ. ಸೇತುವೆಯ ಮೇಲೆ ಯಾರೂ ಇರಲಿಲ್ಲ. ಅವನು ಇನ್ನೂ ಈಚೆ ದಡದಲ್ಲೇ ಇದ್ದ.